ಸಿಸ್ಟರಮ್ಮನ ಕೆಂಪು ಪುಸ್ತಕ

ಸಿಸ್ಟರಮ್ಮ ತೀರಿಕೊಂಡ ಮೂರನೆಯ ದಿನ ನಾನು ಅವರ ಕೋಣೆಯಿಂದ ಒಂದು ಪುಸ್ತಕ ಕದ್ದೆ. ಅದಕ್ಕೂ ಮೊದಲು ಯಾರ ಮನೆಯ ಕಡ್ಡಿಯನ್ನೂ ಕೇಳದೆ ಮುಟ್ಟಿದವಳಲ್ಲ ನಾನು.

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಬದಿಯ ಹಳ್ಳಿಯೊಂದರಲ್ಲಿ ಅವರ ಸಣ್ಣ ದವಾಖಾನೆ ಇತ್ತು. ಅವರು ಕ್ರೈಸ್ತ ಕನ್ಯಾಸ್ತ್ರೀ. ಹರೆಯದಲ್ಲಿ ಬಂದವರು ಅಲ್ಲೇ ಮುದುಕಿಯಾದರು. ನಾನು ನೇಕಾರರ ಮನೆಯ ಸೊಸೆ. ಬೆಳಿಗ್ಗೆ ಅವರ ಬಳಿ ಗಾಯ ತೊಳೆದು ಬಾಣಂತಿಯರಿಗೆ ನೀರು ಕಾಯಿಸಿ, ಮಧ್ಯಾಹ್ನ ಮನೆಗೆ ಬಂದು ಮಗ್ಗಕ್ಕೆ ಕೂರುತ್ತಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮಂಥವರೂ ಅವರ ಕಾಲು ಮುಟ್ಟಲು ಬಾಗುತ್ತಿದ್ದೆವು. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಅವರನ್ನು ಮಣ್ಣು ಮಾಡಿದ ಮರುದಿನವೇ ಜನ ಗೋರಿಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗತೊಡಗಿದರು. ಜ್ವರ ಬಂದ ಮಕ್ಕಳ ಹಣೆಗೆ ಹಚ್ಚಲಂತೆ. ಹೆಂಗಸರು ಅವರ ಸೀರೆಯ ಒಂದು ಎಳೆಯಾದರೂ ಕೊಡಿ ಎಂದು ದವಾಖಾನೆಯ ಬಾಗಿಲಲ್ಲಿ ಕೂತರು. ಸುದ್ದಿ ಕಾನ್ವೆಂಟಿಗೆ ಮುಟ್ಟಿ ಅಲ್ಲಿನ ಮುಖ್ಯಸ್ಥೆ ಮದರ್ ಬಂದರು. ಮಂಗಳೂರು ಕಡೆಯ, ಕಡಿಮೆ ಮಾತಿನ ಹೆಂಗಸು. ಮುಂದೊಂದು ದಿನ ಸಿಸ್ಟರಮ್ಮನನ್ನು ಸಂತಳೆಂದು ಸಾರುವ ವಿಚಾರ ರೋಮಿನವರೆಗೆ ಹೋಗಬಹುದು, ಹಾಗಾಗಿ ಅವರ ಒಂದೊಂದು ವಸ್ತುವನ್ನೂ, ಕೈಬರಹದ ಒಂದೊಂದು ಚೀಟಿಯನ್ನೂ ಪಟ್ಟಿ ಮಾಡಿ ಒಯ್ಯಬೇಕು ಎಂದರು. ಯಾವುದು ಎಲ್ಲಿದೆ ಎಂದು ಬಲ್ಲವಳು ನಾನೇ ಆದ್ದರಿಂದ ನನ್ನನ್ನು ಜೊತೆಗೆ ಕರೆದರು.

ಅವರದೆಂದು ಇದ್ದದ್ದಾದರೂ ಎಷ್ಟು? ತೇಪೆ ಹಾಕಿದ ಎರಡು ಬಿಳಿ ಸೀರೆ, ಟಯರಿನ ಚಪ್ಪಲಿ, ದಾರ ಕಟ್ಟಿದ ಕನ್ನಡಕ, ಮಣಿ ಸವೆದ ಜಪಸರ. ನಮ್ಮ ಅತ್ತೆ ನೇಯ್ದು ಕೊಟ್ಟಿದ್ದ ಇಳಕಲ್ ಸೀರೆಯನ್ನು ಅವರು ಒಮ್ಮೆಯೂ ಉಟ್ಟಿರಲಿಲ್ಲ. ಆಗತಾನೇ ಹುಟ್ಟಿದ ಕೂಸುಗಳನ್ನು ಸುತ್ತಲು ಹರಿದು ಹರಿದು ಕೆಂಪು ಸೆರಗಷ್ಟೇ ಉಳಿದಿತ್ತು. ಮದರ್ ಅದನ್ನು ಮಡಚುತ್ತ ಕಿಟಕಿಯ ಕಡೆ ತಿರುಗಿದಾಗ ನಾನು ಹಾಸಿಗೆಯ ಕೆಳಗೆ ಕೈ ಹಾಕಿ ಕೆಂಪು ರಟ್ಟಿನ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀರು ಕುಡಿದು ಬರುತ್ತೇನೆಂದು ಹೇಳಿ ಹೊರಬಿದ್ದೆ.

ಆ ಪುಸ್ತಕದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಮದುವೆಗೆ ಮೊದಲೇ ಬಸುರಾಗಿ, ಸಾಯುವುದಕ್ಕೂ ತಯಾರಾಗಿ ಬಂದ ಹುಡುಗಿಯರನ್ನು ಸಿಸ್ಟರಮ್ಮ ಉಳಿಸಿಕೊಂಡು ಹೆರಿಗೆ ಮಾಡಿಸಿ ಕಳಿಸುತ್ತಿದ್ದರು. ಕೂಸು ಮಕ್ಕಳಿಲ್ಲದವರ ಮಡಿಲಿಗೆ ಹೋಗುತ್ತಿತ್ತು. ಎಂದಾದರೂ ಆ ಮಗು ಕೇಳಿಕೊಂಡು ಬಂದರೆ ತೋರಿಸಲು ಒಂದು ಕಾಗದ ಇರಬೇಕೆಂದು ಎಲ್ಲವನ್ನೂ ಬರೆದಿಡುತ್ತಿದ್ದರು. ನನ್ನ ಮಗಳೂ ಅಂಥ ಕೂಸು. ನಾನು ಆರು ತಿಂಗಳು ತವರಿನಲ್ಲಿದ್ದು, ನಾನೇ ಹೆತ್ತವಳ ಹಾಗೆ ಅವಳನ್ನು ಎತ್ತಿಕೊಂಡು ಊರಿಗೆ ಬಂದಿದ್ದೆ. ಆ ಋಣಕ್ಕೇ ದವಾಖಾನೆಯ ಕೆಲಸಕ್ಕೆ ಸೇರಿದ್ದೆ. ವಿಷಯ ಗೊತ್ತಿದ್ದ ಗಂಡ, ಅತ್ತೆ ಇಬ್ಬರೂ ತೀರಿಕೊಂಡಿದ್ದರು. ಮಗಳು ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳಿಗೆ ಏನೂ ತಿಳಿದಿರಲಿಲ್ಲ.

ಪುಸ್ತಕವನ್ನು ಮೊದಲು ಜೋಳದ ಡಬ್ಬಿಯಲ್ಲಿಟ್ಟೆ. ಶನಿವಾರ ಮನೆಗೆ ಬರುವ ಮಗಳು ರೊಟ್ಟಿಗೆಂದು ಅಲ್ಲಿಗೇ ಕೈ ಹಾಕುವವಳು. ತೆಗೆದು ಮಗ್ಗದ ಕುಣಿಯೊಳಗೆ, ನಾನು ಕಾಲು ಇಳಿಬಿಡುವ ಕಡೆ, ಚೀಲದಲ್ಲಿ ಸುತ್ತಿಟ್ಟೆ. ಹೊರಗೆ ಗಾಡಿ ನಿಂತ ಸದ್ದಾದರೆ ಲಾಳಿ ಕೈಯಿಂದ ಜಾರುತ್ತಿತ್ತು. ಹತ್ತು ದಿನ ಅದನ್ನು ಬಿಚ್ಚುವ ಧೈರ್ಯವಾಗಲಿಲ್ಲ. ಬಿಚ್ಚಿದಾಗ ಹನ್ನೊಂದು ಹೆಣ್ಣುಮಕ್ಕಳ ಹೆಸರು ಸಿಕ್ಕವು. ನನ್ನ ಮಗಳನ್ನು ಹೆತ್ತವಳು ಬೇವೂರಿನ ಹದಿನಾರರ ಹುಡುಗಿ. ಅದೇ ಪುಟದ ಕೆಳಗೆ, ಕೂಸನ್ನು ಒಯ್ದವಳೆಂದು ನನ್ನ ಹೆಸರು.

ಮುಂದಿನ ಶನಿವಾರ ಮಧ್ಯಾಹ್ನ ಹೆಂಗಸೊಬ್ಬಳು ಮನೆ ಹುಡುಕಿಕೊಂಡು ಬಂದಳು. ಮೂವತ್ತೈದರ ಆಸುಪಾಸು. ಸಿಸ್ಟರಮ್ಮನ ಜೊತೆ ಇದ್ದವಳು ನೀವೇ ಅಲ್ಲವೇ ಎಂದು ಕೇಳಿ ಒಳಗೆ ಬಂದು ಕೂತಳು. ಸೀರೆಯ ಎಳೆ ಬೇಡಲು ಬಂದವಳೆಂದುಕೊಂಡೆ.

"ಅವರು ಬರದದ್ದೆಲ್ಲಾ ರೋಮಿಗೆ ಹೋಗ್ತೈತಂತ ಖರೆ ಏನ್ರಿ?" ಎಂದಳು. "ಬೇವೂರಾಕಿ ನಾ. ಕಮತಗಿಗೆ ಕೊಟ್ಟಾರ. ನನ್ನ ಹೆಸರು ಅದರಾಗ ಇದ್ರ ನನಗ ಬಾಳೇನ ಇಲ್ಲರಿ."

ಅಷ್ಟರಲ್ಲಿ ಮಗಳು ತಂಬಿಗೆಯಲ್ಲಿ ನೀರು ತಂದು ಅವಳ ಮುಂದೆ ಹಿಡಿದಳು. ಇಬ್ಬರದೂ ಒಂದೇ ತರಹದ ಅಗಲ ಹಣೆ. ಈಗ ತಲೆ ಎತ್ತುತ್ತಾಳೆ, ಈಗ ನೋಡುತ್ತಾಳೆ ಎಂದು ನಾನು ನೋಡುತ್ತ ನಿಂತೆ. ಭಯದಲ್ಲಿ ಆ ಹೆಂಗಸು ನೆಲವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನೀರು ಕುಡಿದು ತಂಬಿಗೆ ಕೊಟ್ಟಳು. ಮಗಳು ಒಳಗೆ ಹೋದಳು.

ನನ್ನ ಕೈಲಾದದ್ದು ಮಾಡುತ್ತೇನೆ ಎಂದು ಹೇಳಿ ಅವಳ ಫೋನ್ ನಂಬರ್ ತೆಗೆದುಕೊಂಡೆ. ಹೊಸ್ತಿಲ ಬಳಿ ಅವಳು ನಿಂತಳು.

"ಕೂಸು ಉಳದೈತೇನ್ರಿ?"

"ಚಲೋ ಅದಾಳ," ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋದಳು.

ನನ್ನ ಹೆದರಿಕೆಯೊಂದನ್ನೇ ಕಟ್ಟಿಕೊಂಡು ಕೂತಿದ್ದೆ, ಇನ್ನೂ ಹನ್ನೊಂದು ಮನೆಗಳಲ್ಲಿ ಇದೇ ನಡುಕ ಇರಬಹುದೆಂದು ಆಗ ಹೊಳೆಯಿತು. ಸೋಮವಾರ ಪುಸ್ತಕ ತೆಗೆದುಕೊಂಡು ಕಾನ್ವೆಂಟಿಗೆ ಹೋದೆ. ಕದ್ದದ್ದನ್ನು ಒಪ್ಪಿಕೊಂಡೆ. ಪೊಲೀಸರನ್ನು ಕರೆಸುತ್ತಾರೆಂದೇ ಅಂದುಕೊಂಡಿದ್ದೆ. ಮದರ್ ಎರಡು ಪುಟ ಓದಿ ಪುಸ್ತಕ ಮುಚ್ಚಿದರು. "ಸಿಸ್ಟರಮ್ಮನ ಎಲ್ಲ ಬರಹವನ್ನೂ ಒಪ್ಪಿಸಿದ್ದೇನೆಂದು ಮುಂದೆ ನಾನು ಆಣೆ ಮಾಡಬೇಕಾಗುತ್ತದೆ, ಸುಳ್ಳು ಹೇಳಲಾರೆ" ಎಂದರು. ಎದ್ದು ಪ್ರಾರ್ಥನೆ ಮಾಡಲು ಚಾಪೆಲಿಗೆ ಹೋದರು. ಅವರು ತಿರುಗಿ ಬರುವ ತನಕ ನಾನು ಅಲ್ಲೇ ಕೂತಿದ್ದೆ.

ಬಂದು ಹೇಳಿದರು: "ಪ್ರಾರ್ಥನೆ, ಪತ್ರಗಳು ಅವರವು. ಇದು ಅವರನ್ನು ನಂಬಿದ ಹೆಣ್ಣುಮಕ್ಕಳದು. ರೋಗಿಗಳ ಪುಸ್ತಕ, ರೋಗಿಗಳಿಗೇ ಹಿಂತಿರುಗಿಸಲಾಯಿತು ಎಂದು ಪಟ್ಟಿಯಲ್ಲಿ ಬರೆಯುತ್ತೇನೆ. ಅದು ನಿಜ ಆಗುವ ಹಾಗೆ ನೀವು ನೋಡಿಕೊಳ್ಳಿ."

ಮೂರು ತಿಂಗಳು ಸೀರೆ ಮಾರುವ ನೆಪದಲ್ಲಿ, ಅವರವರ ಪುಟವನ್ನು ಹರಿದು ಅವರವರಿಗೇ ಕೊಡಲು ಊರೂರು ತಿರುಗಿದೆ. ಬಾದಾಮಿ ಕಡೆಯ ಒಬ್ಬಳು ನನ್ನೆದುರೇ ಒಲೆಗೆ ಹಾಕಿದಳು. ಒಬ್ಬಳು ಅದು ತಾನಲ್ಲವೆಂದು ಬಾಗಿಲು ಹಾಕಿಕೊಂಡಳು. ಒಬ್ಬಳು ಎಂದೋ ಸತ್ತಿದ್ದಳು. ನನ್ನ ಮಗಳನ್ನು ಹೆತ್ತ ಕಮತಗಿಯವಳ ಪುಟ ಕೊನೆಯದು. ಕೆಳಗಿನ ನನ್ನ ಹೆಸರನ್ನು ಹರಿದು ತೆಗೆದು ಉಳಿದದ್ದನ್ನು ಕೊಡಲೇ ಎಂದು ಬಸ್ಸಿನಲ್ಲಿ ಹತ್ತು ಸಲ ಕಾಗದ ತೆಗೆದೆ, ಹತ್ತು ಸಲ ಒಳಗಿಟ್ಟೆ. ಹರಿಯಲಿಲ್ಲ.

ಬಸ್ ನಿಲ್ದಾಣದ ಮೂಲೆಯ ಕಲ್ಲಿನ ಮೇಲೆ ಕೂತು ಅವಳು ಓದಿದಳು.

"ಅವತ್ತ ನೀರು ಕೊಟ್ಟಾಕಿ ಏನ್ರಿ?"

ಹೌದೆಂದು ತಲೆಯಾಡಿಸಿದೆ.

"ನಾ ಮಾರಿ ನೋಡಲಿಲ್ಲರಿ." ಕಾಗದವನ್ನು ಚೂರುಚೂರು ಮಾಡಿ ಮುಷ್ಟಿಯಲ್ಲಿ ಹಿಡಿದಳು. "ಅಂಜಬ್ಯಾಡ್ರಿ. ನಾ ಬರಂಗಿಲ್ಲ."

ಮಗಳು ಮುಂದೆ ಕೇಳಿಕೊಂಡು ಹೋದರೆ ತೋರಿಸಲು ಈಗ ಕಾಗದವಿಲ್ಲ. ಅದಕ್ಕೇ ಕಳೆದ ತಿಂಗಳು, ಹೆತ್ತವಳು ನಾನಲ್ಲವೆಂದು ನಾನೇ ಅವಳಿಗೆ ಹೇಳಿದೆ. ಊರನ್ನು, ಹೆಸರನ್ನು ಹೇಳಲಿಲ್ಲ. ಹೆತ್ತವಳ ಒಪ್ಪಿಗೆ ಇಲ್ಲದೆ ಹೇಳಲಾರೆ ಎಂದೆ. ಅವಳು ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. "ಆಕಿ ಜೀವಂತ ಅದಾಳೇನವ್ವಾ?" ಎಂದು ಮಾತ್ರ ಕೇಳಿದಳು. ಇದ್ದಾಳೆ ಎಂದೆ. ಆ ವಾರ ಫೋನ್ ಮಾಡಲಿಲ್ಲ. ಶನಿವಾರ ಮಾತ್ರ ಎಂದಿನಂತೆ ಬಂದು ರೊಟ್ಟಿ ಬಡಿದಳು. ಬಾಗಲಕೋಟೆಯಿಂದ ಅವಳು ಬರುವ ಬಸ್ಸು ಕಮತಗಿಯಲ್ಲಿ ಐದು ನಿಮಿಷ ನಿಂತು ಬರುತ್ತದೆ. ಅವಳು ಮನೆ ಮುಟ್ಟುವವರೆಗೆ ನನಗೆ ಮಗ್ಗದ ಮುಂದೆ ಕೂರಲಾಗುವುದಿಲ್ಲ.