ಅಪ್ಪನಿಗೂ ಒಂದು ಕುರ್ಚಿ

೨೦೨೨ರಲ್ಲಿ ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಓಡಾಡುವ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾದರೂ ಕೆಲಸವನ್ನು ವಿವರಿಸುವುದು ಸುಲಭ. ಮನೋವೈದ್ಯರು ಮಾತ್ರೆ ಬರೆದು ಕಳುಹಿಸಿದ ಮೇಲೆ ರೋಗಿಯ ಮನೆಯಲ್ಲಿ, ಊರಿನಲ್ಲಿ ಏನಾಗುತ್ತದೆ ಎಂದು ನೋಡಿಕೊಳ್ಳುವವಳು ನಾನು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಷ್ಟರೊಳಗೆ ಕುಡಿತ ಬಿಟ್ಟವರ ಒಂದು ಗುಂಪನ್ನಾದರೂ ನನ್ನ ಹಂಗಿಲ್ಲದೆ ನಡೆಯುವಂತೆ ಮಾಡಬೇಕೆಂಬ ಹಟ ನನಗಿತ್ತು.

ಶಿರಸಿಯ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಗುಂಪಿನ ಸಭೆ ಸೇರುತ್ತಿತ್ತು. ಸಭೆಗೆ ಸಂತೆಯ ದಿನವನ್ನೇ ಆರಿಸಿಕೊಂಡಿದ್ದೆವು. ಕೈಯಲ್ಲಿ ಚೀಲವಿದ್ದರೆ ಪೇಟೆಗೆ ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲವಲ್ಲ! ಇದರಿಂದ ಗುಟ್ಟೇನೋ ಉಳಿಯಿತು, ಸಭೆಯ ಗಾಂಭೀರ್ಯ ಮಾತ್ರ ಉಳಿಯಲಿಲ್ಲ. ಒಬ್ಬನ ಕಾಲಬುಡದಲ್ಲಿ ಮೊಗೆಕಾಯಿ, ಇನ್ನೊಬ್ಬನ ಚೀಲದಿಂದ ಒಣಮೀನಿನ ವಾಸನೆ. ಅದರ ನಡುವೆ ಕುಳಿತು ನಾನು 'ಕ್ರೇವಿಂಗ್' ಅಂದರೆ ಏನು, ಕುಡಿಯಬೇಕೆಂಬ ಆಸೆ ಅಲೆಯ ಹಾಗೆ ಎದ್ದು ಹೇಗೆ ತಾನಾಗಿ ಇಳಿಯುತ್ತದೆ ಎಂದು ವಿವರಿಸುತ್ತಿದ್ದೆ.

ಗುಂಪಿಗೆ ಹಿರಿಯ ಗಣಪತಣ್ಣ. ಸಿದ್ದಾಪುರದ ಕಡೆಯ ಅಡುಗೆಯವನು, ಕುಡಿತ ಬಿಟ್ಟು ಎಷ್ಟೋ ವರ್ಷವಾಗಿತ್ತು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೇಳುವ ಪ್ರಶ್ನೆ ಬಾಯಾರಿಕೆಯದು, ಆಸ್ರಿಗೆ ಅಂದರೆ ಕುಡಿಯಲು ಏನು ಬೇಕು ಎಂದು. ಅವನು ಪ್ರತಿ ಸಭೆಯನ್ನೂ ಅದರಿಂದಲೇ ಶುರು ಮಾಡುತ್ತಿದ್ದ. ಹೊಸಬನೊಬ್ಬ ಮುಖ ತಗ್ಗಿಸಿ ಕುಳಿತಿದ್ದರೆ ಎದುರು ಹೋಗಿ ನಿಂತು, "ತಮಾ, ಆಸ್ರಿಗೆ ಎಂತ ಬೇಕು?" ಅನ್ನುವನು. ಎಲ್ಲರೂ ಗೊಳ್ಳೆಂದು ನಗುವರು, ಹೊಸಬನೂ ನಗುವನು. ಬರುವುದು ಚಹಾ ಎಂಬುದು ಎಲ್ಲರಿಗೂ ಗೊತ್ತು. ನನ್ನ ಇಡೀ ತರಬೇತಿಯಲ್ಲಿ ಇಷ್ಟು ಬೇಗ ಮನುಷ್ಯನ ಬಿಗಿ ಸಡಿಲಿಸುವ ಉಪಾಯವನ್ನು ನನಗೆ ಯಾರೂ ಕಲಿಸಿರಲಿಲ್ಲ.

ಈ ಗುಂಪಿಗೆ ಆ ವರ್ಷದ ಬೇಸಿಗೆಯಲ್ಲಿ ಕೆರಿಯಪ್ಪ ಬಂದ. ಬನವಾಸಿಯಾಚೆಯ ಒಂದು ಹಳ್ಳಿಯವನು, ನಲವತ್ತೈದರ ಆಸುಪಾಸು. ಗದ್ದೆ ಇತ್ತು, ಅನಾನಸ್ ಬೆಳೆಯುತ್ತಿದ್ದ. ಹೆಂಡತಿ ಸುಶೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ಕೈನಡುಕ, ಬೆವರು, ನಿದ್ದೆಗೇಡು ಎಲ್ಲ ಇಳಿಯುವವರೆಗೆ ಪಕ್ಕದಲ್ಲೇ ಕುಳಿತಿದ್ದಳು. ಒಮ್ಮೆಲೇ ನಿಲ್ಲಿಸಿದಾಗ ಮೈ ಹೂಡುವ ಈ ಜಗಳವನ್ನೇ ವೈದ್ಯರು 'ವಿತ್‌ಡ್ರಾವಲ್' ಅನ್ನುವುದು. ಬಿಡುಗಡೆಯ ದಿನ ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕೋರೆ, ಇದು ಮೂರನೇ ಸಲ. ಇನ್ನೊಮ್ಮೆ ಬಿದ್ರ ನಾ ಮಕ್ಕಳ್ನ ಕರ್ಕೊಂಡು ತವರಿಗೆ ಹೊಕ್ಕೇನಿ. ಸಿಟ್ಟಿಗಲ್ರಿ, ನನ್ನ ಕೈಲೆ ಆಗಂಗಿಲ್ಲ." ಆ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಬರೀ ಸುಸ್ತು ಇತ್ತು.

ಕೆರಿಯಪ್ಪ ನಮ್ಮೆಲ್ಲರ ಕಣ್ಣೆದುರೇ ಚಿಗುರಿದ. ಮಳೆಗಾಲ ಮುಗಿಯುವ ಹೊತ್ತಿಗೆ ಕೆನ್ನೆ ತುಂಬಿಕೊಂಡಿತ್ತು. ಚೀಲದಲ್ಲಿ ಅನಾನಸ್ ತಂದು ಸಭೆಯಲ್ಲೇ ಹೆಚ್ಚಿ, ಉಪ್ಪು ಖಾರ ಉದುರಿಸಿ ಹಂಚುತ್ತಿದ್ದ. ಅವನಿಗೆ ಒಂದೇ ತೊಡಕಿತ್ತು. ತನ್ನ ಕುಡಿತದ ಕಥೆಯನ್ನೆಲ್ಲ "ನಮ್ಮೂರಾಗ ಒಬ್ಬ ಇದ್ದ" ಎಂದೇ ಹೇಳುತ್ತಿದ್ದ. ಊರಿನ ಆ ಒಬ್ಬ ಯಾರೆಂದು ಗೋಡೆಯ ಹಲ್ಲಿಗೂ ಗೊತ್ತಿತ್ತು. ಆದರೂ ಯಾರೂ ಬಾಯಿ ಹಾಕದೆ, "ಪಾಪ, ಅವ ಆಮೇಲೆ ಏನು ಮಾಡಿದ?" ಎಂದು ಕೇಳುತ್ತಿದ್ದರು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಂತೆ ಅವನ ಮಾತು ಕಡಿಮೆಯಾಯಿತು. ಒಂದು ವಾರ ಅನಾನಸ್ಸೂ ಬರಲಿಲ್ಲ. ಕೆದಕಿದಾಗ ಬಾಯಿ ಬಿಟ್ಟ. ಅವನ ಮನೆಯಲ್ಲಿ ಅಂದು ಹಿರಿಯರಿಗೆ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿಡಬೇಕು. ಅಪ್ಪನಿಗೆ ಇಷ್ಟವಾದದ್ದು ಸಾರಾಯಿ, ಹಾಗಾಗಿ ಎಡೆಯ ಮುಂದೆ ಒಂದು ಲೋಟ ತುಂಬಿಡುವರು. ಪೂಜೆಯಾದ ಮೇಲೆ ಹಿರಿಮಗ ಆ ಲೋಟದಿಂದ ಒಂದು ಗುಟುಕು ಪ್ರಸಾದ ತೆಗೆದುಕೊಳ್ಳಬೇಕು. ಅವನು ತೆಗೆದುಕೊಂಡ ಮೇಲೆಯೇ ಉಳಿದವರ ಊಟ. ಹಿಂದೆ ಎರಡು ಸಲ ಬಿಟ್ಟಿದ್ದವನು ಎರಡು ಸಲವೂ ಬಿದ್ದದ್ದು ಆ ಒಂದು ಗುಟುಕಿನಿಂದಲೇ.

ಬಿಟ್ಟವನು ಮತ್ತೆ ಬೀಳುವುದಕ್ಕೆ 'ರಿಲ್ಯಾಪ್ಸ್' ಅನ್ನುತ್ತೇವೆ, ಬೀಳಿಸುವ ಸಂದರ್ಭಕ್ಕೆ 'ಟ್ರಿಗರ್'. ಟ್ರಿಗರ್‌ನಿಂದ ದೂರವಿರಬೇಕು ಎಂಬುದು ಪುಸ್ತಕದ ಪಾಠ. ನಾನು ಅದನ್ನೇ ಒಪ್ಪಿಸಿ, ಆ ದಿನ ಊರಲ್ಲಿ ಇರಬೇಡ ಅಂದೆ.

"ಹಿರಿಮಗ ಇಲ್ದ ಎಡಿ ಹೆಂಗ್ರೀ ಅಕ್ಕೋರೆ? ಅವ್ವ ಉಪಾಸ ಕುಂದರ್ತಾಳ."

"ಹಾಗಾದರೆ ಅವ್ವನಿಗೇ ಹೇಳು."

"ಅವ್ವಗ? ಅಪ್ಪನ ವಿಚಾರ ಅವ್ವನ ಮುಂದ ಎತ್ತೋ ಧೈರ್ಯ ನಮ್ಮ ವಂಶದಾಗ ಯಾರಿಗೂ ಇಲ್ರಿ."

ಗುಂಪಿನವರು ತಲೆಗೊಂದು ಸಲಹೆ ಕೊಟ್ಟರು. ಲೋಟದಲ್ಲಿ ಸೋಡಾ ಹಾಕು ಎಂದ ಒಬ್ಬ. ತುಟಿಗೆ ಮುಟ್ಟಿಸಿ ಇಳಿಸು ಎಂದ ಇನ್ನೊಬ್ಬ. ತುಟಿಗೆ ಮುಟ್ಟಿದ್ದು ಹೊಟ್ಟೆಗೆ ದಾರಿ ಕೇಳುವುದಿಲ್ಲ ಎಂದು ಮೂರನೆಯವನು ಬೈದ. ಕೊನೆಗೆ ಗಣಪತಣ್ಣನೇ ತೀರ್ಮಾನ ಹೇಳಿದ: "ಈ ಸಲದ ಸಭೆ ಅವನ ಮನೆಲೇ ಆಗ್ಲಿ. ಆನೂ ಬತ್ತೆ." ಸದಸ್ಯರ ಹೆಸರು, ಮನೆ ಗುಟ್ಟಾಗಿರಬೇಕೆಂಬುದು ಗುಂಪಿನ ನಿಯಮ. ನಾನು ಕೆರಿಯಪ್ಪನ ಮುಖ ನೋಡಿದೆ. "ಬರ್ರಿ," ಅಂದ, "ಎಲ್ಲಾರೂ ಬರ್ರಿ."

ಅಮಾವಾಸ್ಯೆಯ ದಿನ ಬನವಾಸಿಯ ಬಸ್ಸಿನಿಂದ ಏಳೆಂಟು ಮಂದಿ ಇಳಿದೆವು. ಅಂದು ಸಂತೆಯಲ್ಲ. ಆದರೂ ಅಭ್ಯಾಸಬಲದಿಂದ ಎಲ್ಲರ ಕೈಯಲ್ಲೂ ಚೀಲ! ಅಂಗಳದಲ್ಲಿ ಕೆರಿಯಪ್ಪನ ತಾಯಿ ಗುತ್ಯಮ್ಮ ನಿಂತಿದ್ದಳು. ಕಡ್ಡಿಯಂಥ ಮೈ, ಕಣ್ಣು ಮಾತ್ರ ಬಲು ಚುರುಕು. ಖಾಲಿ ಚೀಲ ಹಿಡಿದ ಗಂಡಸರ ಸಾಲನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ್ರೀ ನೀವೆಲ್ಲ?"

ನಾನು ಉತ್ತರ ಹೊಂದಿಸುವುದರೊಳಗೆ ಗಣಪತಣ್ಣ, "ನಾವು ನಿಮ್ಮ ಮಗನ ಜೊತೆ ಕುಡಿಯದೇ ಇರೋರು, ಅಮ್ಮಾ" ಅಂದುಬಿಟ್ಟ.

ಮುದುಕಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ನನ್ನ ಮಗನ ಕೂಡ ಕುಡಿಯೋರು ಭಾಳ ಮಂದಿ ಬಂದು ಹೋಗ್ಯಾರ. ಕುಡೀದಿರೋರ್ನ ಇವತ್ತಾ ನೋಡಿದ್ದು. ಒಳಗ ಬರ್ರಿ," ಎಂದಳು.

ಒಳಗೆ ಎಡೆ ಸಿದ್ಧವಾಗಿತ್ತು. ಕಡುಬು, ಕೋಳಿಸಾರು, ಹೋಳಿಗೆ, ವಡೆ. ಸಸ್ಯಾಹಾರಿ ಗಣಪತಣ್ಣ ಮೂಗಿನ ಮೇಲೆ ಟವೆಲ್ ಹಿಡಿದು ಬಾಗಿಲಲ್ಲೇ ನಿಂತ, ಆದರೆ ಹಿಂದೆ ಸರಿಯಲಿಲ್ಲ. ಕೆರಿಯಪ್ಪನ ಚಿಕ್ಕಪ್ಪ ತೀರಿಕೊಂಡ ತನ್ನ ಅಣ್ಣನ ಫೋಟೋದ ಮುಂದೆ ಲೋಟ ಇಟ್ಟು ಸಾರಾಯಿ ತುಂಬಿದ. ಆ ವಾಸನೆಗೆ ನಮ್ಮ ಕಡೆಯ ಒಬ್ಬಿಬ್ಬರು ಅಂಗಳಕ್ಕೆ ನಡೆದರು. ಸುಶೀಲ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಲೋಟವನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದಳು.

ಪೂಜೆ ಮುಗಿಯಿತು. "ತಗೊಳಪಾ," ಎಂದು ಚಿಕ್ಕಪ್ಪ ಲೋಟ ಚಾಚಿದ.

ಕೆರಿಯಪ್ಪನ ಕೈ ಮುಂದೆ ಹೋಯಿತು, ಅರ್ಧಕ್ಕೆ ನಿಂತಿತು. ಅವನು ಚಿಕ್ಕಪ್ಪನನ್ನು ನೋಡಲಿಲ್ಲ. ಫೋಟೋ ಕಡೆ ತಿರುಗಿ ಕೈಮುಗಿದ. "ಅಪ್ಪಾ, ನಾನು ಕುಡುಕ ಆಗಿದ್ದೆ. ಈಗ ನಾ ಬಿಟ್ಟೀನಿ. ನಂಗ ಇದು ಬ್ಯಾಡ."

ಊರಿನ ಆ ಒಬ್ಬ ಕೊನೆಗೂ ಅವನೇ ಆಗಿದ್ದ. ನನ್ನ ಕಣ್ಣು ತುಂಬಿತು. ಚಿಕ್ಕಪ್ಪನಿಗೆ ಮಾತ್ರ ಸಿಟ್ಟು ಬಂತು. "ಹಿರೇರ ಪ್ರಸಾದ ಬ್ಯಾಡಂತೀಯಾ? ಅಣ್ಣ ಏನಂದಾನು?"

ಗುತ್ಯಮ್ಮ ಮೂಲೆಯಿಂದ ಎದ್ದಳು. "ಅವ ಏನಂತಾನಂತ ನನ್ನ ಕೇಳು. ಬಾಳ್ವಿ ಮಾಡಿದಾಕಿ ನಾನು." ಲೋಟವನ್ನು ಮೈದುನನ ಕೈಯಿಂದ ತೆಗೆದುಕೊಂಡಳು. "ಬದುಕಿದ್ದಾಗ ಬಿಡಸಾಕ ನನ್ನ ಕೈಲೆ ಆಗಲಿಲ್ಲ. ಸತ್ತ ಮ್ಯಾಲೂ ವರ್ಷಾ ವರ್ಷಾ ಅವಗ ಕುಡಿಸಾಕ ಹತ್ತೀವಿ. ಸಾಕು. ಇವತ್ತಿಂದ ಅವನೂ ಬಿಟ್ಟ."

ಹೊರಗೆ ಹೋಗಿ ಲೋಟವನ್ನು ಬಚ್ಚಲ ನೀರು ಹರಿಯುವಲ್ಲಿ ಚೆಲ್ಲಿದಳು. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಳು. "ಸುಶೀಲಾ, ಚಾ ಇಡು. ಬೆಲ್ಲ ಒಂದೀಟು ಮುಂದ ಹಾಕು. ನಿಮ್ಮ ಮಾವಗ ಸಪ್ಪನ ಚಾ ಸೇರ್ತಿರಲಿಲ್ಲ."

ಚಿಕ್ಕಪ್ಪ ಸೋತರೂ ಪಟ್ಟು ಬಿಡಲಿಲ್ಲ. "ಕಾಗಿ ಮುಟ್ಲಿ, ಆಮ್ಯಾಲೆ ಒಪ್ಪೇನಿ." ಎಡೆಯ ಒಂದು ಪಾಲನ್ನು ಮನೆಯ ಹೆಂಚಿನ ಮಾಡಿನ ಮೇಲೆ ಕಾಗೆಗೆ ಇಡುವುದು ವಾಡಿಕೆ. ಕಾಗೆ ಮುಟ್ಟಿದರೆ ಹಿರಿಯರಿಗೆ ಸಮಾಧಾನ, ಮುಟ್ಟದಿದ್ದರೆ ಮುನಿಸು. ಎಲೆಯ ಪಕ್ಕಕ್ಕೆ ಬಟ್ಟಲಲ್ಲಿ ಬೆಲ್ಲದ ಚಹಾ ಇಟ್ಟು ಎಲ್ಲರೂ ಅಂಗಳದಲ್ಲಿ ನಿಂತೆವು. ಅಂದು ಊರಿಗೆ ಊರೇ ಎಡೆ ಇಟ್ಟಿತ್ತು. ಕಾಗೆಗಳಿಗೆ ಎಲ್ಲೆಲ್ಲೂ ಕರೆ, ನಮ್ಮ ಮಾಡು ಖಾಲಿ. ಸುಶೀಲ ಸೆರಗಿನ ತುದಿ ಕಚ್ಚಿಕೊಂಡಳು. ಮನೋವಿಜ್ಞಾನ ಓದಿದ ನಾನು ಒಂದು ಕಾಗೆಗಾಗಿ ಮಾರಿಕಾಂಬೆಗೆ ಹರಕೆ ಹೊತ್ತೆ.

ಆಗ ಗಣಪತಣ್ಣ ನನ್ನ ಪಕ್ಕ ಬಂದ. "ತಂಗೀ, ಕಾಗೆ ಕರೆಯ ಕೆಲ್ಸ ಆನು ನೋಡ್ಕತ್ತೆ. ಶ್ರಾದ್ಧದ ಅಡುಗೆ ಮಾಡ್ದಂವ ಅಲ್ದನೇ?" ಟವೆಲ್ ಸೊಂಟಕ್ಕೆ ಕಟ್ಟಿ, ಕತ್ತೆತ್ತಿ, "ಕಾವ್! ಕಾವ್! ಕಾವ್!" ಎಂದು ಕೂಗಿದ. ಅವನ ಹಿಂದೆ ನಮ್ಮ ಗುಂಪಿನವರೆಲ್ಲ ದನಿಗೂಡಿಸಿದರು. ಒಂದು ಕಾಲಕ್ಕೆ ದಾರಿಯಲ್ಲಿ ಬಿದ್ದು ಹೊರಳಿದ್ದ ಗಂಡಸರು, ಒಂದು ಹನಿ ಕುಡಿಯದೆ, ಚೀಲ ಬೀಸುತ್ತ ಹಾಡುಹಗಲೇ ಕಾಗೆಯ ಹಾಗೆ ಕೂಗುತ್ತಿದ್ದರು. ಅಕ್ಕಪಕ್ಕದವರು ಬೇಲಿಗೆ ಬಂದು ನಿಂತರು. "ಇವರಿಗಿಂತ ಕುಡಿದೋರಾ ವಾಸಿ ಅಲ್ರೀ!" ಎಂದು ಯಾರೋ ನಕ್ಕರು. ಗುತ್ಯಮ್ಮನೂ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಮಗನೂ ಕೂಗಿದ.

ಕಾಗೆ ಬಂತು. ಕೋಳಿಯನ್ನು ಮೂಸಲಿಲ್ಲ. ಬಟ್ಟಲಿಗೆ ಕೊಕ್ಕು ಹಾಕಿ ಕತ್ತು ಕೊಡವಿತು, ಮತ್ತೆ ಹಾಕಿತು. ಆಮೇಲೆ ಒಂದು ವಡೆ ಕಚ್ಚಿಕೊಂಡು ಹಾರಿತು. ಚಿಕ್ಕಪ್ಪ ಬಹಳ ಹೊತ್ತು ಮೇಲೆ ನೋಡಿ, "ಅಣ್ಣಗ ಚಾ ಹಿಡಿಸ್ತು," ಎಂದು ಒಳಗೆ ಹೋಗಿ ಎಲೆ ಹಾಕಿಸಿದ. ಕೆರಿಯಪ್ಪ ಅಪ್ಪನ ಲೋಟದಿಂದ ಒಂದು ಗುಟುಕು ಚಹಾ ಕುಡಿದ. ಆಮೇಲೆ ಎಲ್ಲರೂ ಉಂಡೆವು. ಗಣಪತಣ್ಣ ಮಾತ್ರ ಜಗಲಿಯಲ್ಲಿ ಬಾಳೆಹಣ್ಣು ತಿಂದು ತೇಗಿದ.

ಪುಸ್ತಕದಲ್ಲಿಲ್ಲದ ಒಂದು ಪಾಠ ಅಂದು ನನ್ನ ತಲೆಗೆ ಹೋಯಿತು. ಟ್ರಿಗರ್‌ನಿಂದ ಓಡು ಎಂದು ಹೇಳುವುದು ಸುಲಭ. ಆದರೆ ಅಪ್ಪನ ಎಡೆಯಿಂದ, ಅವ್ವನ ಮನೆಯಿಂದ ಮನುಷ್ಯ ಎಲ್ಲಿಗೆ ಓಡಬೇಕು? ಕುಡಿತವನ್ನು ಅವನೊಬ್ಬನೇ ಬಿಟ್ಟರೆ ಸಾಲದು, ಮನೆಯೂ ಅವನ ಜೊತೆ ಬಿಡಬೇಕು. ಎಲ್ಲರೂ ಹೆದರಿ ಕೇಳದೇ ಬಿಟ್ಟ ಒಬ್ಬಳನ್ನು ಮೊದಲು ಕೇಳಬೇಕು.

ಮುಂದಿನ ಸಂತೆಯ ದಿನ ಕೆರಿಯಪ್ಪನ ಹಿಂದೆ ಗುತ್ಯಮ್ಮನೂ ಮಹಡಿ ಹತ್ತಿ ಬಂದಳು. ಒಂದು ಕುರ್ಚಿಯಲ್ಲಿ ಕುಳಿತಳು. ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು, ಅದರೊಳಗಿಂದ ಗಂಡನ ಫೋಟೋ ತೆಗೆದು ಒರಗಿಸಿ ನಿಲ್ಲಿಸಿದಳು. ನಾವೆಲ್ಲ ನೋಡುತ್ತಿದ್ದಂತೆ, "ಹೊಸದಾಗಿ ಬಿಟ್ಟಾನಲ್ರಿ," ಅಂದಳು. "ಮನಿಯಾಗ ಒಬ್ಬನ್ನ ಬಿಟ್ಟು ಬಂದ್ರ ಮತ್ತ ಶುರು ಮಾಡ್ಯಾನು."

ಈಗ ನಾನು ನಿವೃತ್ತಳಾಗಿದ್ದೇನೆ, ಗುಂಪು ನನ್ನ ಹಂಗಿಲ್ಲದೆ ನಡೆಯುತ್ತಿದೆ. ಕೆರಿಯಪ್ಪನ ಅನಾನಸ್ ತಪ್ಪದೆ ಬರುತ್ತದೆ, ಸುಶೀಲ ತವರಿಗೆ ಹೋಗುವುದು ಹಬ್ಬಕ್ಕೆ ಮಾತ್ರ. ಮೊನ್ನೆ ಸಭೆಗೆ ಹೋಗಿದ್ದೆ. ಹೊಸಬನೊಬ್ಬ ತಲೆ ತಗ್ಗಿಸಿ ಕುಳಿತಿದ್ದ. ಗಣಪತಣ್ಣ ಅವನ ಬಾಯಾರಿಕೆ ವಿಚಾರಿಸಿ ಮುಂದೆ ಬಂದು, ಫೋಟೋದ ಕುರ್ಚಿಯೆದುರು ನಿಂತು, ಅಷ್ಟೇ ಮರ್ಯಾದೆಯಿಂದ ಬಗ್ಗಿ ಕೇಳಿದ:

"ಯಜಮಾನ್ರೇ, ನಿಂಗಕ್ಕೆ ಆಸ್ರಿಗೆ ಎಂತ ಬೇಕು?"

"ಚಾ," ಎಂದಳು ಗುತ್ಯಮ್ಮ. "ಬೆಲ್ಲ ಒಂದೀಟು ಮುಂದ ಹಾಕ್ರಿ."