ಥರ್ಮನ್ ತುಂಬುತ್ತಿದ್ದದ್ದು ಐದೇ

ಪತ್ರಿಕೆಯನ್ನು ವರ್ಲಾ ಮೇಜಿಗೆ ಅಪ್ಪಳಿಸಿದ ರಭಸಕ್ಕೆ ಕಾಫಿ ಚೆಲ್ಲಿತು. ಒರೆಸಲಿಲ್ಲ. ಗಂಡ ಥರ್ಮನ್ ವಿಕ್ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಮೂವತ್ತೆಂಟು ವರ್ಷ ಅವನಿಂದ ಬಂದೂಕುಗಳ ಬಗ್ಗೆ ಬರೆಸಿಕೊಂಡ ಪತ್ರಿಕೆಯೇ ಅವನ ನೆನಪಿನ ಲೇಖನದಲ್ಲಿ ಅಚ್ಚು ಹಾಕಿತ್ತು: ‘ವಿಕ್ ಅವರ ಸೊಂಟದ ಹಳೆಯ ರಿವಾಲ್ವರಿನಲ್ಲಿ ಸದಾ ಆರು ತೋಟಾ ತುಂಬಿರುತ್ತಿದ್ದವು.’

ಆರಂತೆ! ಅವನ ಒಂದೊಂದು ಅಕ್ಷರವನ್ನೂ ಟೈಪು ಮಾಡಿದವಳು ವರ್ಲಾ. ಹಳೇ ಮಾದರಿಯ ರಿವಾಲ್ವರಿನಲ್ಲಿ ತೋಟಾ ಕೂರುವ ಮನೆಗಳು ಆರಿದ್ದರೂ ತುಂಬುವುದು ಐದನ್ನೇ. ತೋಟಾದ ಬೆನ್ನಿಗೆ ಬಡಿಯುವ ಹ್ಯಾಮರು ಖಾಲಿ ಮನೆಯ ಮೇಲೆ ಕೂತಿರಬೇಕು. ಇಲ್ಲವಾದರೆ ಕೈಜಾರಿ ಬಿದ್ದರೂ ಗುಂಡು ಹಾರುತ್ತದೆ. ಇಪ್ಪತ್ತರ ಹರೆಯದಲ್ಲಿ ಆರು ತುಂಬಿದ ತಪ್ಪಿಗೆ ಕಾಲಿಗೆ ಗುಂಡು ಹೊಕ್ಕು ಥರ್ಮನ್ ಜೀವನವಿಡೀ ಕುಂಟಿದ. ವರ್ಷಕ್ಕೊಮ್ಮೆಯಾದರೂ ಅದನ್ನು ಬರೆಯದೆ ಬಿಡುತ್ತಿರಲಿಲ್ಲ.

ಅವನಿಗೆ ಪ್ರಾಣವಾಗಿದ್ದವು ಎರಡು ರಿವಾಲ್ವರು. ಒಂದು ಅಜ್ಜನದು, ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಉಕ್ಕಿನ ನೀಲಿ ಲೇಪವೆಲ್ಲ ಹೋಗಿ ಬೆಳ್ಳಗಾಗಿತ್ತು. ಅದಕ್ಕೆ ಜಿಂಕೆಯ ಕೊಂಬಿನ ಹಿಡಿಯನ್ನು ಥರ್ಮನ್ ತಾನೇ ಕೆತ್ತಿ ಕೂರಿಸಿದ್ದ. ಇನ್ನೊಂದು ಗಿಡ್ಡ ನಳಿಗೆಯದು, ಗುರಿ ಎಡಕ್ಕೆ ಎಳೆಯುತ್ತಿತ್ತು. “ನಿನ್ನ ಥರಾನೇ ಕಣೇ, ಹೇಳಿದ ಮಾತು ಕೇಳಲ್ಲ,” ಎಂದು ಹೆಂಡತಿಯನ್ನು ರೇಗಿಸುತ್ತಿದ್ದ. ರಿಪೇರಿಗೆ ಕೊಡಲು ಮಾತ್ರ ಒಪ್ಪಲಿಲ್ಲ.

ವರ್ಲಾ ಸಂಪಾದಕನಿಗೆ ಫೋನು ಮಾಡಿದಳು.

“ತಿದ್ದುಪಡಿ ಹಾಕೋಣ ಮೇಡಂ, ಎರಡು ಸಂಚಿಕೆ ಕಳೀಲಿ. ಒಂದು ತೋಟಾ ಹೆಚ್ಚುಕಮ್ಮಿ ಆದ್ರೆ ಏನಂತೆ?”

“ಏನಂತೆ ಅಂತೀಯಾ? ಥರ್ಮನ್ ಹೇಳ್ದ ಅಂದ್ರೆ ಕಣ್ಣು ಮುಚ್ಕೊಂಡು ಮಾಡೋ ಜನ ಕಣಯ್ಯ ನಿನ್ನ ಓದುಗರು! ಯಾರಾದ್ರೂ ಸತ್ರೆ ನೀನು ಹೊಣೆ ಹೊರ್ತೀಯಾ?”

ಫೋನು ಕುಕ್ಕಿದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಶನಿವಾರ ಊರಾಚೆ, ಗುಂಡು ಹೊಡೆದು ಅಭ್ಯಾಸ ಮಾಡುವ ಗುರಿಮೈದಾನದಲ್ಲಿ ಥರ್ಮನ್ ಸ್ಮರಣೆ. ಅಮೆರಿಕದ ಐಡಹೋ ರಾಜ್ಯದ ಆ ಕಣಿವೆಯ ಅರ್ಧ ಜನ ಹಂಚಿ ಉಣ್ಣಲು ಬೀನ್ಸು, ಆಲೂಗಡ್ಡೆಯ ಪಾತ್ರೆ ಹಿಡಿದು, ಸೊಂಟಕ್ಕೆ ಹಳೇ ರಿವಾಲ್ವರು ಕಟ್ಟಿಕೊಂಡು ಬಂದಿದ್ದರು. ಪಾದ್ರಿ ನಾಲ್ಕು ಮಾತು ಆಡಲು ಕರೆದಾಗ ವರ್ಲಾ ಬರೆದು ತಂದಿದ್ದ ಹಾಳೆ ಬಿಚ್ಚಲೇ ಇಲ್ಲ.

“ಹಳೇ ಮಾದರಿ ಇಟ್ಕೊಂಡಿರೋರೆಲ್ಲ ಮುಂದೆ ಬನ್ನಿ. ನಳಿಗೆ ಮಣ್ಣಿನ ದಿಬ್ಬದ ಕಡೆ. ತೋಟಾ ತೆಗೆದು ಬೆಂಚಿನ ಮೇಲಿಡಿ.”

ಹನ್ನೊಂದು ಜನ ಬಂದರು. ಮೊದಲ ನಾಲ್ವರದು ಐದೈದು. ಐದನೆಯವನು ಡೆಲ್ವಿನ್, ಥರ್ಮನ್ ಜೊತೆ ನಲವತ್ತು ವರ್ಷ ಬೇಟೆಗೆ ಹೋದವನು. ಐದು ಇಟ್ಟ. ಕೈ ತಡೆಯಿತು. ಆಮೇಲೆ ಆರನೆಯದನ್ನೂ ಇಟ್ಟ.

“ಪತ್ರಿಕೆಲಿ ಓದ್ದೆ ವರ್ಲಾ. ನಮಗೆಲ್ಲ ಐದು ಅಂತ ಹೇಳಿ, ತಾನು ಆರು ತುಂಬ್ತಿದ್ದ ಅನ್ಕೊಂಡೆ. ಅವನ ಮರ್ಯಾದೆಗೆ ಅಂತ ನಾನೂ ಇವತ್ತು ಆರು...”

ವರ್ಲಾಳ ಮೈ ಉರಿದುಹೋಯಿತು. ಆರನೆಯ ತೋಟಾವನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು.

“ಆ ಸಂಪಾದಕ ಥರ್ಮನ್ ಮುಖಾನೂ ಸರಿಯಾಗಿ ನೋಡ್ದೋನಲ್ಲ, ಹಾಳಾಗ್ಹೋಗ್ಲಿ. ನೀನು ಅವನ ಶವಪೆಟ್ಟಿಗೆ ಹೊತ್ತೋನು. ಅವನು ಸುಳ್ಳುಗಾರ ಅಂತ ನೀನೂ ನಂಬಿಬಿಟ್ಯಲ್ಲೋ, ಡೆಲ್ವಿನ್!”