ಪೂಜೆಗೆ ಸಲ್ಲದ ಪುಸ್ತಕ

ಪ್ರತಿ ನವರಾತ್ರಿಗೂ ಗೊಂಬೆ ಕೂರಿಸಲು ನನ್ನಕ್ಕ ಇಟ್ಟಮಡುವಿನಿಂದ ಜಯನಗರದ ನಮ್ಮ ಮನೆಗೆ ಬಂದುಬಿಡುತ್ತಾಳೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಪಟ್ಟದ ಗೊಂಬೆ ಯಾವ ಮೆಟ್ಟಿಲ ಮೇಲೆ, ಗೊಂಬೆ ನೋಡಲು ಬಂದ ಮಕ್ಕಳಿಗೆ ಹಂಚುವ ಚರ್ಪಿಗೆ ಯಾವ ತಿಂಡಿ, ಎಲ್ಲಕ್ಕೂ ಅವಳ ಮಾತೇ ಕೊನೆ. ಇಷ್ಟು ವರ್ಷ ನಾನೂ ತಲೆಯಾಡಿಸಿಕೊಂಡೇ ಬಂದಿದ್ದೆ. ಕಳೆದ ಸಲ ಮಾತ್ರ ನನ್ನ ಕೈಲಾಗಲಿಲ್ಲ.

ಗೊಂಬೆಯ ಟ್ರಂಕು ಅಟ್ಟದಿಂದ ಇಳಿಸುವಾಗ ಅದರ ಹಿಂದೆ ನನ್ನ ಬಾಲ್ಯದ ಕಾದಂಬರಿಯೊಂದು ಸಿಕ್ಕಿತ್ತು. ಹಳ್ಳಿಯ ಮಕ್ಕಳ ಒಂದು ಬೇಸಿಗೆ ರಜೆಯ ಕತೆ. ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿಯುವುದು, ಹುಣಸೆಮರ ಹತ್ತಿ ಇಳಿಯಲಾಗದೆ ಅಳುವುದು, ಕಾಣೆಯಾದ ಕರುವನ್ನು ಹುಡುಕಿ ಹೊರಡುವುದು, ಇಷ್ಟೇ. ನಮ್ಮ ಕಾಲದಲ್ಲಿ ಅದನ್ನು ಓದದ ಮಕ್ಕಳಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಅದನ್ನೆತ್ತಿಕೊಂಡು ಕೂತಳು. ಇಂಗ್ಲಿಷ್ ಮೀಡಿಯಂ ಹುಡುಗಿ, ಪರೀಕ್ಷೆಗಲ್ಲದೆ ಕನ್ನಡ ಪುಸ್ತಕ ಮುಟ್ಟಿದವಳಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸಿ, ಒಬ್ಬಳೇ ನಗುತ್ತಾ ಓದುತ್ತಿದ್ದಳು. ಒಂದು ದಿನ ಕೇಳಿದಳು, "ಅಮ್ಮಾ, ಆ ಕೆರೆಗೆ ಗೇಟ್ ಇರ್ಲಿಲ್ವಾ?" ಪಾಪ, ಅವಳು ನೋಡಿದ್ದೆಲ್ಲ ಬೇಲಿ ಹಾಕಿ, ನೀರಿಗೆ ಇಳಿಯಬೇಡಿ ಎಂದು ಬೋರ್ಡು ನೆಟ್ಟ ಕೆರೆಗಳನ್ನೇ. ಅವಳಿಗೆ ನಾವು ಉಳಿಸಿಕೊಟ್ಟದ್ದು ಅಷ್ಟೇ ಅಂತ ನನಗೆ ನನ್ನ ಮೇಲೇ ಸಿಟ್ಟು ಬಂತು.

ಸರಸ್ವತಿ ಪೂಜೆಯ ದಿನ ಬಂತು. ಅಂದು ಪುಸ್ತಕಗಳನ್ನು ಪೂಜೆಗಿಟ್ಟರೆ ವಿಜಯದಶಮಿಯವರೆಗೆ ತೆಗೆದು ಓದುವ ಹಾಗಿಲ್ಲ. ಅಕ್ಕ ಗಣಿತದ ಗೈಡು, ಕೋಚಿಂಗ್ ಸೆಂಟರಿನವರು ಕೊಟ್ಟ ದಪ್ಪ ಪುಸ್ತಕಗಳು, ಕೊನೆಗೆ ನನ್ನ ಗಂಡನ ಲ್ಯಾಪ್‌ಟಾಪನ್ನೂ ಪೇರಿಸಿದಳು. ನಾನು ಅಭಿಮಾನದಿಂದ ಎಲ್ಲದರ ಮೇಲೆ ಕಾದಂಬರಿ ಇಟ್ಟೆ. ಮಗಳ ಮುಖ ಸಪ್ಪಗಾಯಿತು. ಅವಳು ಓದಿದಷ್ಟರಲ್ಲಿ ಕರು ಇನ್ನೂ ಸಿಕ್ಕಿರಲಿಲ್ಲ.

ಅಕ್ಕ ಎರಡೇ ಬೆರಳಲ್ಲಿ ಅದನ್ನೆತ್ತಿ ಸೋಫಾದ ಮೇಲೆ ಹಾಕಿದಳು.

"ಕತೆ ಪುಸ್ತಕ ಯಾರಾದ್ರೂ ಶಾರದೆ ಮುಂದೆ ಇಡ್ತಾರಾ? ವಿದ್ಯೆ ಪುಸ್ತಕ ಇಡ್ಬೇಕು."

ನನ್ನ ಮೈಯೆಲ್ಲ ಉರಿದುಹೋಯಿತು. ಬೆಳಗಿಂದ ಸಂಜೆವರೆಗೆ ಆಫೀಸಿನ ಮೇಲ್ ನೋಡುವ ಲ್ಯಾಪ್‌ಟಾಪ್ ವಿದ್ಯೆಯಂತೆ, ನನ್ನ ಮಗಳಿಗೆ ಕನ್ನಡ ಓದಿಸಿದ ಪುಸ್ತಕ ವಿದ್ಯೆಯಲ್ಲವಂತೆ. ಹಬ್ಬದ ದಿನ ಜಗಳ ಬೇಡವೆಂದು ಹಲ್ಲು ಕಚ್ಚಿಕೊಂಡು ಕೋಸಂಬರಿಗೆ ಸೌತೆಕಾಯಿ ಹೆಚ್ಚಿದೆ. ಆ ಸಿಟ್ಟಿಗೆ ಹೋಳುಗಳೆಲ್ಲ ದಪ್ಪದಪ್ಪ ಆದವು.

ಮಧ್ಯಾಹ್ನ ಮಗಳು ಸೋಫಾದಲ್ಲಿ ಕಾದಂಬರಿ ಬಿಚ್ಚಿದ್ದೇ ತಡ, ಅಕ್ಕ ಮತ್ತೆ ಶುರುಮಾಡಿದಳು. ಪೂಜೆಗಿಟ್ಟ ಮೇಲೆ ಮನೆಯಲ್ಲಿ ಯಾರೂ ಪುಸ್ತಕ ಓದಬಾರದು, ಅದು ಅಪಚಾರ ಅಂತ. ಈಗ ನನ್ನಿಂದ ತಡೆಯಲಾಗಲಿಲ್ಲ.

"ಅದು ಪೂಜೆಗೆ ಇಡೋ ಪುಸ್ತಕ ಅಲ್ಲ ಅಂದವಳು ನೀನೇ. ಹಂಗಿದ್ಮೇಲೆ ಓದಿದ್ರೆ ಯಾವ ಅಪಚಾರ? ಅವಳು ಓದ್ತಾಳೆ."

ಅಕ್ಕ ಗೊಂಬೆಯ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಎದ್ದುಹೋದಳು. ಜೀವಮಾನವೆಲ್ಲ ಲೆಕ್ಕ ತಿದ್ದಿದವಳಿಗೆ ಈ ಲೆಕ್ಕದ ತಪ್ಪು ಗೊತ್ತಾಗದೇ ಇರುತ್ತದೆಯೇ?

ಹೀಗಾಗಿ ಗೈಡುಗಳೆಲ್ಲ ದೇವಿಯ ವಶದಲ್ಲಿದ್ದ ಆ ದಸರಾ ರಜೆಯಲ್ಲಿ ಮಗಳಿಗೆ ಉಳಿದದ್ದು ಕಾದಂಬರಿಯೊಂದೇ. ಗೊಂಬೆಗಳ ಪಕ್ಕದಲ್ಲಿ, ನಾವು ರಾಗಿ ಪೈರು ಬೆಳೆಸಿ ಕನ್ನಡಿಯ ಕೆರೆ ಇಟ್ಟಿದ್ದ ಕಡೆ, ಕಾಲು ಚಾಚಿ ಕೂತು ಓದಿದಳು. ಅಕ್ಕ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ನಾನೂ ಆಡಿಸಲು ಹೋಗಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಪುನಃಪೂಜೆಗೆ ಕೂತಾಗ ರಾಶಿಯ ಮೇಲೆ ಕಾದಂಬರಿ ಇತ್ತು. ಓದಿ ಮುಗಿದಿದ್ದರಿಂದ ತಾನೇ ಇಟ್ಟೆ ಎಂದಳು ಮಗಳು. ಅಕ್ಕ ಗೈಡಿಗೆ ಕುಂಕುಮ ಇಟ್ಟಳು, ಲ್ಯಾಪ್‌ಟಾಪಿಗೂ ಇಟ್ಟಳು, ಕಾದಂಬರಿಯನ್ನು ಮಾತ್ರ ಬಿಟ್ಟಳು. ನಾನು ಸಿಡಿದೇಳುವ ಮೊದಲೇ ಮಗಳು ಬಟ್ಟಲಿಗೆ ಉಂಗುರದ ಬೆರಳದ್ದಿ ತಾನೇ ಕುಂಕುಮ ಇಟ್ಟಳು.

ಪೂಜೆ ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಪುಸ್ತಕ ತೆಗೆದು ನಾಲ್ಕು ಸಾಲು ಓದಬೇಕು. ಅಕ್ಕ ಗಣಿತದ ಗೈಡನ್ನು ಮುಂದೆ ಹಿಡಿದಳು. ಮಗಳು ಅದನ್ನು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಕೆಳಗಿಟ್ಟಳು. ಆಮೇಲೆ ಕಾದಂಬರಿಯ ಮೊದಲ ಪುಟ ತೆರೆದು, ಅಕ್ಕನ ಎದುರಿಗೇ ಗಟ್ಟಿಯಾಗಿ ಓದತೊಡಗಿದಳು. ಈಗ ಬೆರಳು ಸಾಲಿನ ಕೆಳಗಿರಲಿಲ್ಲ.